ಹನಿಗೆ ಐದು ರೂಪಾಯಿ

ಬೆಂಗಳೂರಿನಲ್ಲಿರುವ ಮಗಳು ಫೋನಿಗೆ ಒಂದು ಚಿತ್ರ ಕಳಿಸಿದಳು. ಕಂದು ಗಾಜಿನ ಪುಟ್ಟ ಶೀಶೆ, ನೆತ್ತಿಯ ಮೇಲೆ ರಬ್ಬರಿನ ಡ್ರಾಪರ್. 30 ಎಂ.ಎಲ್., 3,000 ರೂಪಾಯಿ. ಹಿಂದೆಯೇ ಅವಳ ದನಿ ಬಂತು: "ಅಮ್ಮಾ, ನಿಂಗೀಗ ಐವತ್ತೆರಡು. ಸುಕ್ಕಿಗೆ ಈ ಸೀರಂ ಬೆಸ್ಟ್ ಅಂತೆ. ಹೂಂ ಅನ್ನು, ಆರ್ಡರ್ ಹಾಕ್ತೀನಿ."

ಹೂಂ ಅನ್ನಲು ನಾಲಿಗೆ ಎದ್ದಿತ್ತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ತಲೆ ಸುಮ್ಮನಿರಬೇಕಲ್ಲ. ಒಂದು ಎಂ.ಎಲ್.ಗೆ ಹೆಚ್ಚುಕಡಿಮೆ 20 ಹನಿ. ಶೀಶೆಗೆ 600. ಹನಿಗೆ ಐದು ರೂಪಾಯಿ! ದಿನಕ್ಕೆ ಐದು ಹನಿ ಹಚ್ಚಿದರೆ 25 ರೂಪಾಯಿ, ವರ್ಷಕ್ಕೆ 9,000ದ ಮೇಲೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದಮೇಲೆ ನಮ್ಮೂರು ಹಲಕುಂದಿಯಿಂದ ಬಳ್ಳಾರಿಗೆ ಹೋಗಿಬರುವ ಬಸ್ ಚಾರ್ಜು ನನಗೆ ಉಳಿದಿದೆ. ಆ ಉಳಿತಾಯವನ್ನೆಲ್ಲ ಕೆನ್ನೆಗೆ ಬಳಿದುಕೊಂಡರೂ ಸಾಲದು.

ದುಬಾರಿ ಎಂದ ಮಾತ್ರಕ್ಕೆ ಬೇಡವೆನ್ನುವುದೂ ನ್ಯಾಯವಲ್ಲ. ಡಬ್ಬಿಯ ಹಿಂಬದಿಯ ಚಿತ್ರ ತರಿಸಿಕೊಂಡು ಕನ್ನಡಕ ಏರಿಸಿದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಪಟ್ಟಿಯ ಮೊದಲಲ್ಲಿ ನೀರಿತ್ತು. ಅದರಲ್ಲಿ ತಪ್ಪೇನಿಲ್ಲ, ನಮ್ಮ ಸಾರಿನಲ್ಲೂ ಮೊದಲು ನೀರೇ. ಆದರೆ ಡಬ್ಬಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಮೆರೆಯುತ್ತಿದ್ದ ಚಿನ್ನದ ಪುಡಿ, ಪಟ್ಟಿಯಲ್ಲಿ ಸುವಾಸನೆ ದ್ರವ್ಯವೂ ಮುಗಿದಮೇಲೆ ಕೊನೆಯ ಬೆಂಚಿನ ಹುಡುಗನ ಹಾಗೆ ಕೂತಿತ್ತು. ಮುಂಭಾಗದ ವಾಕ್ಯವನ್ನೂ ಓದಿದೆ: ಸುಕ್ಕುಗಳು "ಕಡಿಮೆಯಾದಂತೆ ಕಾಣುತ್ತವೆ." ಕಡಿಮೆಯಾಗುತ್ತವೆ ಅಂತಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ಔಷಧದ ಕೆಲಸ ಬೇರೆ, ಸೌಂದರ್ಯವರ್ಧಕದ ಕೆಲಸ ಬೇರೆ. ಎರಡನೆಯದು ರೂಪ ಬದಲಿಸಿ ತೋರಿಸಿದರೆ ಸಾಕು. "ಕಾಣುತ್ತವೆ" ಎಂಬ ಆ ಒಂದು ಕ್ರಿಯಾಪದದಲ್ಲಿ ಕಂಪನಿಯ ವಕೀಲ ಅಡಗಿ ಕೂತಿದ್ದಾನೆ.

ಹಾಗಂತ ಎಲ್ಲವೂ ಬೂಟಾಟಿಕೆಯಲ್ಲ. ಎ ಜೀವಸತ್ವದ ವಂಶಕ್ಕೆ ಸೇರಿದ ರೆಟಿನಾಲ್ ತಿಂಗಳುಗಟ್ಟಲೆ ಹಚ್ಚಿದರೆ ಸಣ್ಣ ಗೆರೆಗಳನ್ನು ತುಸು ಇಳಿಸುತ್ತದೆ. ಬಸುರಿಯರು ಅದನ್ನು ಮುಟ್ಟಬಾರದು. ಅದರ ಗಟ್ಟಿ ದಾಯಾದಿ ಟ್ರೆಟಿನಾಯಿನ್ ವೈದ್ಯರ ಚೀಟಿಗೆ ಸಿಗುತ್ತದೆ, ಬೆಲೆಯೂ ಈ ಶೀಶೆಯ ಹತ್ತಿರ ಸುಳಿಯುವುದಿಲ್ಲ. ಹೈಲುರಾನಿಕ್ ಆಮ್ಲ ನೀರು ಹಿಡಿದಿಟ್ಟು ಚರ್ಮವನ್ನು ಒಂದಿಷ್ಟು ಹೊತ್ತು ಉಬ್ಬಿಸಿ ತೋರಿಸುತ್ತದೆ. ಸಿ ಜೀವಸತ್ವವೂ ಗುಣವಂತನೇ, ಆದರೆ ಬಲು ಸೂಕ್ಷ್ಮ. ಗಾಳಿ, ಬೆಳಕು, ಶಾಖ ತಗುಲಿದರೆ ಹಳದಿಯಾಗಿ, ಕಂದಾಗಿ, ಕೆಲಸಕ್ಕೆ ಬಾರದೆ ಹೋಗುತ್ತದೆ. ಮಗಳ ಸೀರಂನಲ್ಲಿ ಇದ್ದದ್ದು ಅದೇ. ಏಪ್ರಿಲ್ ತಿಂಗಳು, ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕೊರಿಯರ್ ಹುಡುಗನ ಬೈಕಿನ ಚೀಲದಲ್ಲಿ ಬೆಂದು ಅದು ಹಲಕುಂದಿ ಮುಟ್ಟುವಷ್ಟರಲ್ಲಿ ನನಗಿಂತ ಮೊದಲು ಅದಕ್ಕೇ ಮುಪ್ಪು ಬಂದಿರುತ್ತದೆ.

ಇಷ್ಟೆಲ್ಲ ಓದಿಯೂ ಮನಸ್ಸು ತೂಗಾಡುತ್ತಿತ್ತು. ಅಷ್ಟರಲ್ಲಿ ನಮ್ಮನೆಯವರು ಕ್ಷೌರ ಮಾಡಿಸಿಕೊಂಡು ಬಂದು ಎದುರಿಗೆ ಕೂತರು.

ಅವರು ಅದಿರಿನ ಲಾರಿ ಓಡಿಸಿದವರು. ಪಶ್ಚಿಮ ಕರಾವಳಿಯ ಬೇಲೆಕೇರಿ ಬಂದರಿಗೆ ಅದಿರು ಸುರಿದು ಬರಿಗಾಡಿಯಲ್ಲಿ ಮರಳುವಾಗ ಮುಖ ಪೂರ್ವಕ್ಕೆ. ಸ್ಟೀರಿಂಗ್ ಇರುವುದು ಬಲಕ್ಕೆ. ಹಾಗಾಗಿ ಬಲಗೆನ್ನೆ ದಕ್ಷಿಣದ ಬಿಸಿಲಿಗೆ ಒಡ್ಡಿಕೊಂಡೇ ಇರುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ನಮ್ಮ ಲಾರಿಯೂ ನಿಂತಿತು. ಕೆನ್ನೆ ಮಾತ್ರ ಆ ದಾರಿಯನ್ನು ಮರೆತಿಲ್ಲ. ಎಡಗೆನ್ನೆ ಈಗಲೂ ನಯ. ಬಲಗೆನ್ನೆ ನೀರಿಂಗಿದ ಕೆರೆಯಂಗಳ. ಕ್ಷೌರದವನು ಬಲಗಡೆ ಬಂದಾಗ ಚರ್ಮವನ್ನು ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿದೇ ಕತ್ತಿ ಆಡಿಸುತ್ತಾನಂತೆ.

2012ರಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಇಂಥದೇ ಮುಖದ ಒಂದು ಫೋಟೋ ಅಚ್ಚುಹಾಕಿತ್ತು. 28 ವರ್ಷ ಟ್ರಕ್ ಓಡಿಸಿದ 69ರ ಚಾಲಕ. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಹಾಗಾಗಿ ಅವನ ಎಡಮುಖವೆಲ್ಲ ಆಳವಾದ ಸುಕ್ಕು. ಕಿಟಕಿಯ ಗಾಜು ದಾಟಿ ಒಳಬರುವ ಯುವಿಎ ಕಿರಣದ ಕೈವಾಡ ಅದು. ಒಂದೇ ಮನುಷ್ಯ, ಒಂದೇ ವಯಸ್ಸು, ಒಂದೇ ಊಟ. ಆದರೂ ಎರಡು ಕೆನ್ನೆ. ಅಂದರೆ ನಾವು ವಯಸ್ಸಿನ ಲೆಕ್ಕಕ್ಕೆ ಬರೆಯುವ ಸುಕ್ಕಿನಲ್ಲಿ ದೊಡ್ಡ ಪಾಲು ಬಿಸಿಲಿನದು. ಆಸ್ಟ್ರೇಲಿಯಾದ ನ್ಯಾಂಬೋರ್ ಊರಿನಲ್ಲಿ 55 ದಾಟದ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು: ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ. ನ್ಯಾಂಬೋರ್‌ನಲ್ಲೇ ಹಾಗಾದರೆ, ಬಳ್ಳಾರಿಯ ಬಿಸಿಲಿಗೆ ಇನ್ನೇನು ಹೇಳುವುದು?

ನಮ್ಮನೆಯವರಿಗೆ ಶೀಶೆಯ ಚಿತ್ರ ತೋರಿಸಿದೆ. ಬಲಗೆನ್ನೆ ಸವರಿಕೊಂಡು ಕೇಳಿದರು, "ಮೂರು ಸಾವಿರದ್ದು ಹಚ್ಚಿದ್ರೆ ಈ ಕಡೇದು ಆ ಕಡೆ ಥರ ಆಗ್ತೈತಾ?"

"ಆಗಲ್ರೀ."

"ಮತ್ತೆ ಯಾಕೆ?"

ಮಗಳಿಗೆ ಬೇಡವೆಂದೆ. ಬಳ್ಳಾರಿಯ ಬೆಂಗಳೂರು ರಸ್ತೆಯ ಮೆಡಿಕಲ್ ಶಾಪಿನಲ್ಲಿ 400 ರೂಪಾಯಿಗೆ 50 ಗ್ರಾಮಿನ ಸನ್‌ಸ್ಕ್ರೀನ್ ತಂದೆ. ಎಸ್‌ಪಿಎಫ್ 30ಕ್ಕೆ ಕಡಿಮೆ ಇರಬಾರದು, ಯುವಿಎ ತಡೆಯುವ ಗುರುತು ಇರಬೇಕು, ನೋಡಿದ್ದು ಇವೆರಡನ್ನೇ. ದಿನಕ್ಕೆ ಎರಡು ಬೆರಳುದ್ದ, ಎಂಟು ರೂಪಾಯಿ. ಇದನ್ನು ಹಚ್ಚುವ ಅಭ್ಯಾಸವಾದ ಮೇಲೂ ಗೆರೆಯ ಚಿಂತೆ ಉಳಿದರೆ, ಕೈಯಲ್ಲಿ ಕಾಸೂ ಉಳಿದರೆ, ಪಟ್ಟಿಯಲ್ಲಿ ರೆಟಿನಾಲ್ ಇರುವ ಸಾಧಾರಣ ಬೆಲೆಯ ಸೀರಂ ನೋಡಿಕೊಳ್ಳಿ. ಬಿಸಿಲನ್ನು ತಡೆಯದೆ ಸೀರಂ ಹಚ್ಚುವುದೆಂದರೆ ತೂತು ಮುಚ್ಚದೆ ಕೊಡಕ್ಕೆ ನೀರು ಹೊಯ್ದ ಹಾಗೆ.

ನಮ್ಮನೆಯವರೂ ಆ ಟ್ಯೂಬಿಗೆ ಕೈ ಹಾಕುತ್ತಾರೆ, ಆದರೆ ಬಲಗೆನ್ನೆಗೆ ಮಾತ್ರ. ಎಡಗಡೆ ಚೆನ್ನಾಗೇ ಐತಲ್ಲ, ಅನ್ನುತ್ತಾರೆ.