ಎರಡನೇ ನಂಬರ್ ಆಗಿ ಕೂತ ಓಲಿವರ್ ಕಾನ್

ಜರ್ಮನಿಯ ಗೋಲಕೀಪರ್ ಓಲಿವರ್ ಕಾನ್ ಅಂದ್ರ ಫುಟ್‌ಬಾಲ್ ನೋಡೋ ಮಂದಿಗೆ ಮೊದ್ಲ ನೆನಪಾಗೋದು ಅವನ ಸಿಟ್ಟು. ದವಡಿ ಬಿಗಿಹಿಡದು, ಕಣ್ಣು ಕೆಂಪಗ ಮಾಡ್ಕೊಂಡು ತನ್ನ ಕಡಿ ಆಟಗಾರರಿಗೇ ಒದರತಿದ್ದ. 1999ರಾಗ ಒಂದು ಮ್ಯಾಚಿನಾಗ ಡಾರ್ಟ್‌ಮುಂಡ್ ತಂಡದವನೊಬ್ಬನ ಕುತ್ತಿಗಿಗೆ ಬಾಯಿನ ಹಾಕಲಿಕ್ಕೆ ಹೋಗಿದ್ದ! ಎದುರಿನ ತಂಡದ ಅಭಿಮಾನಿಗಳು ಇವಂಗ ಬಾಳೆಹಣ್ಣು ಒಗದು ಚಾಷ್ಟಿ ಮಾಡ್ತಿದ್ರು. 2000ದಾಗ ಫ್ರೈಬುರ್ಗದಾಗಂತೂ ಯಾರೋ ಗಾಲ್ಫ್ ಚೆಂಡು ಒಗದು ತಲಿ ಒಡದು ರಕ್ತಾ ಬರಿಸಿದ್ರು.

ಅಂವಾ ಹುಟ್ಟಿದ್ದು 1969ರಾಗ, ಕಾರ್ಲ್ಸ್‌ರೂಅ ಅನ್ನೋ ಊರಾಗ. ನಾನೂ ಅದ ವರ್ಷದಾಕಿ, ಹಿಂಗಾಗಿ ಅವನ ವಯಸ್ಸಿನ ಲೆಕ್ಕಾ ನನಗ ಬಾಯಾಗ ಇರತದ. ಅವರಪ್ಪನೂ ಅದ ಊರಿನ ತಂಡಕ್ಕ ಆಡಿದಂವ. ಮಗಾ ಸಣ್ಣಾಂವ ಇದ್ದಾಗ ಅಲ್ಲೇ ಸೇರಿದ, 1994ರಾಗ ಮ್ಯೂನಿಕ್ಕಿನ ಬಾಯರ್ನ್ ತಂಡಕ್ಕ ಹೋದ, 2008ರ ತನಕ ಅಲ್ಲೇ ಉಳದ. ಎಂಟು ಸಲ ಜರ್ಮನಿ ಲೀಗ್ ಗೆದ್ದ. 2001ರ ಚಾಂಪಿಯನ್ಸ್ ಲೀಗ್ ಫೈನಲ್‌ದಾಗ ವಲೆನ್ಸಿಯಾದವರ ಮೂರು ಪೆನಾಲ್ಟಿ ತಡದ. ಗೆದ್ದ ಮ್ಯಾಲೆ ಕುಣಿಯೋದು ಬಿಟ್ಟು, ಅಳಕೋತ ನಿಂತಿದ್ದ ಎದುರಿನ ಗೋಲಕೀಪರ್ ಹತ್ರ ಹೋಗಿ ಸಮಾಧಾನ ಮಾಡಿದ್ನಂತ. ಸಿಟ್ಟಿನ ಮಂದಿ ಹಂಗ ಇರ್ತಾರ ನೋಡ್ರಿ.

ನಾ ಅವನ್ನ ನೋಡಿದ್ದು 2002ರ ವಿಶ್ವಕಪ್ಪಿನಾಗ. ಆಟ ಜಪಾನ, ಕೊರಿಯಾದಾಗ ಇದ್ದದ್ದಕ್ಕ ನಮಗ ಮಧ್ಯಾಹ್ನಾನ ಬರ್ತಿತ್ತು. ನನ್ನ ಮಗಗ ಆವಾಗ ಎಂಟು ವರ್ಷ, ಟಿ.ವಿ. ಮುಂದಿಂದ ಏಳಾಂವಲ್ಲ, ಅವನ ಸಲುವಾಗಿ ನಾನೂ ಕೂಡತಿದ್ದೆ. ಫೈನಲ್ ತನಕ ಕಾನ್ ಬಿಟ್ಟ ಗೋಲು ಒಂದಽ ಒಂದು. ಏಳು ಮೀಟರಿಗಿಂತ ಅಗಲ, ಎಂಟು ಫೂಟ್ ಎತ್ತರದ ಬಾಗಲಾ ಒಬ್ಬ ಮನುಷ್ಯಾ ಕಾಯೋದಂದ್ರ ಹುಡುಗಾಟಲ್ಲ. ಫೈನಲ್‌ದಾಗ ಬ್ರೆಜಿಲ್‌ನ ರಿವಾಲ್ಡೊ ಹೊಡದ ಚೆಂಡು ಕೈಯಾಗ ಸಿಕ್ಕಹಂಗ ಆಗಿ ಜಾರ್ತು, ರೊನಾಲ್ಡೊ ಬಂದು ಒಳಗ ತಳ್ಳಿಬಿಟ್ಟ. ಕಡೀಕ 2-0. ಆಟದಾಗನ ಅವನ ಬೆರಳಿಗೆ ಪೆಟ್ಟಾಗಿತ್ತು, ಆದ್ರ ಅಂವಾ ಅದನ್ನ ನೆಪಾ ಮಾಡ್ಲಿಲ್ಲ. ಮ್ಯಾಚ್ ಮುಗದ ಮ್ಯಾಲೆ ಗೋಲಿನ ಕಂಬಕ್ಕ ಬೆನ್ನು ಹಚ್ಚಿ ಒಬ್ಬನ ಕೂತಿದ್ದ. ಆ ವಿಶ್ವಕಪ್ಪಿನ ಎಲ್ಲಾರಕಿಂತ ಛೊಲೋ ಆಟಗಾರ ಅಂತ ಬಂಗಾರದ ಚೆಂಡು ಅವಂಗ ಕೊಟ್ರು. ಗೋಲಕೀಪರಿಗೆ ಅದು ಸಿಕ್ಕದ್ದು ಅದೊಂದಽ ಸಲ.

ಆದ್ರ ನನಗ ಖರೇ ಹೇಳಬೇಕನಿಸಿದ್ದು 2006ರದು. ಆ ವರ್ಷ ವಿಶ್ವಕಪ್ ಜರ್ಮನಿಯೊಳಗ, ಸ್ವಂತ ಮನಿ ಮದಿವಿ ಇದ್ದಂಗ. ಏಪ್ರಿಲ್‌ದಾಗ ಕೋಚ್ ಕ್ಲಿನ್ಸ್‌ಮನ್ ಒಂದನೇ ನಂಬರ್ ಯೆನ್ಸ್ ಲೇಮನ್ ಅಂತ ಹೇಳಿಬಿಟ್ರು. ನಾಕ ವರ್ಷದ ಹಿಂದ ಇದ ಲೇಮನ್ ಕಾನ್‌ನ ಹಿಂದ ಬೆಂಚಿನ ಮ್ಯಾಲೆ ಕೂತಾಂವ. ಇಬ್ಬರಿಗೂ ಒಂದ ವಯಸ್ಸು, ಇಬ್ಬರ ನಡುವ ಪೇಪರಿನಾಗ ಬರೋವಷ್ಟು ಜಟಾಪಟಿ. ಎಲ್ಲಾರೂ ಕಾನ್ ತಂಡ ಬಿಡ್ತಾನ ಅಂದ್ರು. ಅಂವಾ ಬಿಡ್ಲಿಲ್ಲ, ಎರಡನೇ ನಂಬರ್ ಆಗಿ ಕೂಡ್ತೀನಿ ಅಂದ. ಬರ್ಲಿನ್‌ದಾಗ ಅರ್ಜೆಂಟೀನಾ ಜೋಡಿ ಆಟ ಪೆನಾಲ್ಟಿಗೆ ಬಂದಾಗ, ಹುಲ್ಲಿನ ಮ್ಯಾಲೆ ಕೂತಿದ್ದ ಲೇಮನ್ ಹತ್ರ ಇಂವ ಹೋದ, ಬಗ್ಗಿ ಕೈ ಹಿಡದು ಏನೋ ಎರಡು ಮಾತಾಡಿದ. ಲೇಮನ್ ಎರಡು ಪೆನಾಲ್ಟಿ ತಡದ, ಜರ್ಮನಿ ಗೆದ್ತು. ಅವನ ಕಾಲಚೀಲದಾಗಿನ ಚೀಟಿ ಬಗ್ಗೆ ಎಲ್ಲಾರೂ ಮಾತಾಡಿದ್ರು. ನನಗ ಕಂಡದ್ದು ಆ ಕೈ.

ಯಾಕಂದ್ರ ಅಂಥಾ ಕೈ ನಾನೂ ಒಂದು ನೋಡೇನಿ. ನಮ್ಮ ಅತ್ತಿಯವರು ಮಂಡಿ ನೋವು ಶುರು ಆದ ಮ್ಯಾಲೆ ಅಡ್ಗಿಮನಿ ನನಗ ಬಿಟ್ಟುಕೊಟ್ರು. ಬಿಟ್ಟುಕೊಟ್ರು ಅಂದ್ರ ಬಾಗಲದಾಗ ಖುರ್ಚಿ ಹಾಕ್ಕೊಂಡು ಕೂತ್ರು. ಸಾರಿಗೆ ಬೆಲ್ಲಾ ಹಾಕೂಮುಂದ "ಸಾಕ, ಸಾಕ" ಅಂತ ಅಲ್ಲಿಂದನ ಕೂಗೋರು. ನನಗ ತಲಿ ಕೆಡ್ತಿತ್ತು. ಆದ್ರ ಮಾವನವರ ವರ್ಷಾಂತಕದ ದಿವಸ ನಲವತ್ತು ಎಲಿ ಹಾಕಬೇಕಾಗಿತ್ತು, ಹೋಳಿಗಿ ಕಣಕ ಹರದು ಹರದು ಹೋಗಲಿಕ್ಕತ್ತಿತ್ತು, ನನಗ ಅಳು ಬರೋದೊಂದು ಬಾಕಿ. ಅತ್ತಿಯವರು ಕುಂಟಕೋತ ಎದ್ದು ಬಂದ್ರು. ಲಟ್ಟಣಿಗಿ ಕಸಗೊಳ್ತಾರ ಅನಕೊಂಡೆ. ಬೆನ್ನ ಮ್ಯಾಲೆ ಕೈ ಇಟ್ಟು "ಮಾಡವಾ, ಬರತದ" ಅಂದು ಹೊಳ್ಳಿ ಹೋಗಿ ಕೂತ್ರು.

ಈಗ ನಮ್ಮ ಮನಿಗೆ ಮಾರ್ಗಶಿರದಾಗ ಸೊಸಿ ಬರತಾಳ. ನನಗಿಂತ ಒಂದು ಗೇಣು ಎತ್ತರದ ಹುಡುಗಿ. ಹೋದ ವಾರ ಬಂದಾಗ ಅಡ್ಗಿಮನಿ ನೋಡಿ, "ಅತ್ತಿ, ಈ ಗ್ಯಾಸಿನ ಕಟ್ಟಿ ಒಂಚೂರು ಎತ್ತರ ಮಾಡಿಸೋಣೇನ್ರಿ? ನನಗ ಬೆನ್ನು ಬಗ್ಗಸಬೇಕಾಗತದ" ಅಂತ ಕೇಳಿದ್ಲು. ತಪ್ಪೇನಿಲ್ಲ. ಆದ್ರ ಆ ಕಟ್ಟಿ ನನ್ನ ಅಳತಿಗೆ ಕಟ್ಟಿಸಿದ್ದು, ಎತ್ತರ ಮಾಡಿದ್ರ ನಾ ಮಣಿ ಹಾಕ್ಕೊಂಡು ನಿಂದರಬೇಕು. ಎರಡು ರಾತ್ರಿ ನಿದ್ದಿ ಹತ್ತಲಿಲ್ಲ. ನಮ್ಮ ಮನಿಯವ್ರು "ಕಟ್ಟಿಗೆ ಇಷ್ಟ್ಯಾಕ?" ಅಂದ್ರು, ಗಂಡಸರಿಗೆ ಕಟ್ಟಿ ಅಂದ್ರ ಬರೇ ಕಟ್ಟಿ. ಮೂರನೇ ದಿವಸ ಗೌಂಡಿಗೆ ನಾನ ಫೋನ್ ಹಚ್ಚಿದೆ. ನಾಕ ಇಂಚು ಏರಸ್ರಿ ಅಂತ ಹೇಳೇನಿ. ಒಂದು ಮೂಲಿಯೊಳಗ ಎರಡು ಫೂಟ್ ಹಳೇ ಎತ್ತರದ್ದನ್ನ ಹಂಗ ಬಿಡ್ರಿ ಅಂತನೂ ಹೇಳೇನಿ.

ಕಾನ್‌ಗೂ ಒಂದು ಮೂಲಿ ಸಿಕ್ತು. ಸೆಮಿಫೈನಲ್‌ದಾಗ ಜರ್ಮನಿ ಇಟಲಿಗೆ ಸೋತ ಮ್ಯಾಲೆ ಮೂರನೇ ಸ್ಥಾನದ ಆಟ ಸ್ಟುಟ್‌ಗಾರ್ಟ್‌ದಾಗ ಆತು. ಅದಕ್ಕ ಕಾನ್‌ನ ಇಳಿಸಿದ್ರು, ಕ್ಯಾಪ್ಟನ್ ಮಾಡಿ. ಪೋರ್ಚುಗಲ್ ಮ್ಯಾಲೆ 3-1 ಗೆದ್ರು. ದೇಶದ ಪರವಾಗಿ ಅವನ 86ನೇ ಆಟ, ಕಡೇದೂ ಅದ.

ಬಾಯರ್ನ್‌ಗೆ ಮತ್ತೆರಡು ವರ್ಷ ಆಡಿದ. 2008ರ ಮೇ 27ಕ್ಕ ಬೀಳ್ಕೊಡೋ ಆಟ ಅಂತ ಕೋಲ್ಕತ್ತಾದ ಸಾಲ್ಟ್ ಲೇಕ್ ಮೈದಾನಕ್ಕ ಬಂದ, ಮೋಹನ್ ಬಗಾನ್ ಮ್ಯಾಲೆ. ಬಾಯರ್ನ್ 3-0 ಗೆದ್ತು. ಸೋತದ್ದು ತಮ್ಮ ತಂಡ ಆದ್ರೂ ಲಕ್ಷದಷ್ಟು ಮಂದಿ ಕಾನ್, ಕಾನ್ ಅಂತ ಒದರಿದ್ರಂತ. ಮೇ ತಿಂಗಳ ಕೋಲ್ಕತ್ತಾ ಸೆಖಿಯೊಳಗ, ಉದ್ದ ತೋಳಿನ ಅಂಗಿ, ಮ್ಯಾಲೆ ಕೈಗವಸು. ಹೆಂಗ ತಡಕೊಂಡ್ನೋ ಏನೋ.