ಒಲೆಯ ಮುಂದಿನ ಪಾಠ

"ಮಕ್ಕಳ ಕಲಿಕೆ ಯಾವಾಗ ಆರಂಭವಾಗುತ್ತದೆ?" ಎಂದು ಪಾಲಕರ ಸಭೆಯಲ್ಲಿ ನಾವು ಕೇಳುವುದುಂಟು. "ಶಾಲೆಗೆ ಹಾಕಿದ ಮೇಲೆ" ಎಂಬ ಉತ್ತರ ಬರುತ್ತದೆ. ನಾವೂ ಒಮ್ಮೆ ಹಾಗೆಯೇ ತಿಳಿದಿದ್ದೆವು. ಆ ತಿಳಿವಳಿಕೆಯನ್ನು ತಿದ್ದಿದವಳು ನಮ್ಮ ಮಗಳು.

ನಮ್ಮದು ಅಕ್ಕಲಕೋಟ ತಾಲೂಕಿನ ಹಳ್ಳಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ನಾವು ಓದಿದ್ದೂ ಎರಡರಲ್ಲಿಯೇ. ಆಗ ನೌಕರಿಗಾಗಿ ಸೊಲ್ಲಾಪುರದಲ್ಲಿದ್ದೆವು. ಮಗು ಅತ್ತರೆ ಕೈಗೆ ಮೊಬೈಲು ಕೊಟ್ಟು ಉತ್ತರಪತ್ರಿಕೆ ತಿದ್ದುತ್ತ ಕೂಡುತ್ತಿದ್ದೆವು. ಎರಡು ವರ್ಷ ತುಂಬಿದರೂ ಅವಳು ಎರಡು ಶಬ್ದ ಕೂಡಿಸಿ ಆಡಲಿಲ್ಲ. ಎರಡು ಭಾಷೆ ಕಿವಿಗೆ ಬಿದ್ದುದೇ ಕಾರಣವೆಂದು ನೆರೆಯವರು ಹೇಳಿದರು, ನಾವೂ ನಂಬಿದೆವು. ವೈದ್ಯರು ಕಿವಿ ಪರೀಕ್ಷಿಸಿ, "ಕಿವಿ ಚೆನ್ನಾಗಿದೆ. ಭಾಷೆ ಎರಡಾದರೆ ತೊಂದರೆಯಿಲ್ಲ. ಇವಳೊಡನೆ ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತೀರಿ?" ಎಂದರು. ಊರ ಮಕ್ಕಳಿಗೆ ಕನ್ನಡ ಕಲಿಸುವ ನಮ್ಮಲ್ಲಿ ಉತ್ತರವಿರಲಿಲ್ಲ.

ಊರಿನಿಂದ ಅವ್ವ ಬಂದಳು. ರೊಟ್ಟಿ ಬಡಿಯುವಾಗ ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡು ಕೈಗೆ ಹಿಟ್ಟಿನ ಉಂಡೆ ಕೊಡುವಳು. "ದೊಡ್ಡ ರೊಟ್ಟಿ ಅಪ್ಪಗ. ಸಣ್ಣದು ಯಾರಿಗವ್ವಾ?" ಎಂದು ಕೇಳಿ ಸುಮ್ಮನೆ ಕಾಯುವಳು. ಮಗು ಬೆರಳು ತೋರಿಸಿದರೆ ಅದನ್ನೇ ಉತ್ತರವೆಂದು ಹಿಡಿದು ಮಾತು ಬೆಳೆಸುವಳು. ಜೋಳ ಹಸನು ಮಾಡುವಾಗ ಎಣಿಕೆ, ಅರಿವೆ ಒಣಹಾಕುವಾಗ ಬಣ್ಣ, ರಾತ್ರಿ ಕಥೆ. ಮೊಬೈಲು ಮಾಡದ ಮೇಲೇರಿತು. ಕೆಲವು ತಿಂಗಳ ನಂತರ ಒಂದು ಮುಂಜಾನೆ, "ಆಯಿ, ಸಣ್ಣ ರೊಟ್ಟಿ ನನಗ" ಎಂಬ ದನಿ ಕೇಳಿ ನಮ್ಮ ಕೈಯ ಪೆನ್ನು ನಿಂತಿತು.

ಪಾಲಕರೇ, ಇದಕ್ಕೆ ದುಬಾರಿ ಆಟಿಗೆ ಬೇಕಿಲ್ಲ. ಮಗುವಿಗೆ ಪ್ರಶ್ನೆ ಕೇಳಿರಿ, ಉತ್ತರಕ್ಕೆ ಕಾಯಿರಿ. ಒಂದು ವರ್ಷದ ಕೂಸಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮಾತು ತಡವಾದರೆ ನಾಚದೆ ವೈದ್ಯರಲ್ಲಿಗೆ ಹೋಗಿರಿ. ಅಂಗನವಾಡಿ ತಾಯಂದಿರನ್ನೂ ವಿಚಾರಿಸಿರಿ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಚಿಕ್ಕ ತಮ್ಮ ತಂಗಿಯರಿಗೆ ನೀವೂ ಗುರುಗಳು. ದಿನಕ್ಕೊಂದು ಕಥೆ ಹೇಳಿರಿ.

ನಮ್ಮ ಮಗಳು ಈಗ ಏಳನೆಯ ಇಯತ್ತೆಯಲ್ಲಿದ್ದಾಳೆ. ನಾವು ಉತ್ತರಪತ್ರಿಕೆ ತಿದ್ದುವಾಗ ಪಕ್ಕದಲ್ಲಿ ಕೂತು ಕನ್ನಡ ಮರಾಠಿ ಬೆರೆಸಿ ಒಂದೇ ಸಮನೆ ಮಾತಾಡುತ್ತಾಳೆ. "ಸುಮ್ಮನಿರು" ಎಂಬ ಮಾತು ಎಷ್ಟೋ ಸಲ ನಾಲಗೆಯ ತುದಿಗೆ ಬರುತ್ತದೆ. ಆದರೆ ನಾವು ಅದನ್ನು ಹೇಳುವುದಿಲ್ಲ.