ಮೊಮ್ಮಕ್ಕಳಿಗೂ ದಾಟಿದ ಮೀಸಲು

ಬಾಂಗ್ಲಾದೇಶದ 1971ರ ವಿಮೋಚನಾ ಯುದ್ಧದಲ್ಲಿ ಹೋರಾಡಿದವರಿಗೆ ಸರ್ಕಾರಿ ನೌಕರಿಯಲ್ಲಿ ಶೇ 30ರಷ್ಟು ಮೀಸಲಾತಿ ಸಿಕ್ಕಿದ್ದು ಮರುವರ್ಷವೇ. ಜೀವ ಪಣಕ್ಕಿಟ್ಟವರಿಗೆ ಅದು ಸಲ್ಲಬೇಕಾದದ್ದೇ. ಆದರೆ ಆ ಪಾಲು ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೂ ದಾಟಿತು. ಹೊಲಗದ್ದೆ, ಗಾರ್ಮೆಂಟ್ಸ್ ದುಡಿಮೆಯ ಮನೆಗಳಿಂದ ಓದಿ ಬಂದವರಿಗೆ ಬಾಗಿಲು ಕಿರಿದಾಯಿತು.

ವಿದ್ಯಾರ್ಥಿಗಳ ಹೋರಾಟಕ್ಕೆ ಮಣಿದು ಸರ್ಕಾರ 2018ರಲ್ಲಿ ಮೇಲಿನ ದರ್ಜೆಯ ಹುದ್ದೆಗಳಲ್ಲಿ ಇದನ್ನು ಕೈಬಿಟ್ಟಿತ್ತು. 2024ರ ಜೂನ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದುಮಾಡಿತು. ಕ್ಯಾಂಪಸ್‌ಗಳು ಮತ್ತೆ ಬೀದಿಗಿಳಿದವು. ಜುಲೈ 16ರಂದು ರಂಗ್‌ಪುರದಲ್ಲಿ ಪೊಲೀಸರೆದುರು ಬರಿಗೈ ಚಾಚಿ ನಿಂತ ಅಬು ಸಯೀದ್ ಗುಂಡಿಗೆ ಬಲಿಯಾದ. ಬಡಮನೆಯ ಹುಡುಗ, ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದುತ್ತಿದ್ದ.

ಐದೇ ದಿನಕ್ಕೆ ಸುಪ್ರೀಂ ಕೋರ್ಟ್ ಆ ಮೀಸಲನ್ನು ಶೇ 5ಕ್ಕೆ ಇಳಿಸಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಹೋರಾಟ ಸರ್ಕಾರದ ವಿರುದ್ಧವೇ ತಿರುಗಿ, ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಅಂದಾಜಿನಂತೆ ಆ ದಿನಗಳಲ್ಲಿ ಸತ್ತವರು 1,400ರವರೆಗೆ ಇರಬಹುದು. ಹೆಚ್ಚು ಚರ್ಚೆಯಾಗದ ಇನ್ನೊಂದು ನಷ್ಟವೂ ಇದೆ: ಸುಪ್ರೀಂ ಕೋರ್ಟಿನ ಅದೇ ತೀರ್ಪಿನಲ್ಲಿ ಮಹಿಳೆಯರ ಶೇ 10ರ ಮೀಸಲೂ ಹೋಯಿತು. ಆ ಹೋರಾಟದ ಮುಂಚೂಣಿಯಲ್ಲಿ ಢಾಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರೂ ಇದ್ದರು.